ಕಣ್ಣೊಳಗಿನ ನೀರಿನಲ್ಲಿ ಪ್ರೋಟೀನುಗಳ ಗುರುತು

ಕಣ್ಣೀರೂ ಕಣ್ಣೊಳಗಿನ ನೀರೂ ಒಂದೇ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ಸೊಪ್ಪಿನ ರಸವನ್ನೋ ಜೇನುತುಪ್ಪವನ್ನೋ ಹಾಕಿ ನೀರು ಸುರಿಸಿದರೆ ಒಳಗಿನ ಕೆಟ್ಟದ್ದೆಲ್ಲ ಹೊರಗೆ ಹೋಗುತ್ತದೆಂಬ ನಂಬಿಕೆ ಈ ತಪ್ಪು ತಿಳಿವಳಿಕೆಯ ಮೇಲೆಯೇ ನಿಂತಿದೆ. ಹಾಗೆ ಮಾಡಿ ಕಾರ್ನಿಯಾದಲ್ಲಿ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದಲ್ಲಿ, ಹುಣ್ಣು ಮಾಡಿಕೊಂಡು ದೃಷ್ಟಿ ಕಳೆದುಕೊಂಡವರಿದ್ದಾರೆ. ಕಣ್ಣೀರು ತೊಳೆಯುವುದು ಕಣ್ಣಿನ ಹೊರಮೈಯನ್ನು ಮಾತ್ರ. ಮಸೂರಕ್ಕೂ ಕಾರ್ನಿಯಾಕ್ಕೂ ನಡುವೆ ತುಂಬಿರುವ ಅಕ್ವಿಯಸ್ ದ್ರವವೇ ಬೇರೆ. ಅದರ ಒಟ್ಟು ಪ್ರಮಾಣ ಸುಮಾರು ಕಾಲು ಮಿಲಿಲೀಟರ್. ನಿಮಿಷಕ್ಕೆ ಎರಡು ಮೂರು ಮೈಕ್ರೋಲೀಟರಿನಂತೆ ಒಳಗೇ ಸ್ರವಿಸಿ, ಒಳಗಿನಿಂದಲೇ ರಕ್ತಕ್ಕೆ ಸೇರಿಹೋಗುತ್ತದೆ.

ರಕ್ತದ ಪ್ಲಾಸ್ಮಾದ ಒಂದು ಮಿಲಿಲೀಟರಿನಲ್ಲಿ ಸುಮಾರು 70 ಮಿಲಿಗ್ರಾಂ ಪ್ರೋಟೀನಿದ್ದರೆ ಅಷ್ಟೇ ಅಕ್ವಿಯಸ್ ದ್ರವದಲ್ಲಿರುವುದು 0.2 ಮಿಲಿಗ್ರಾಂ ಆಸುಪಾಸು. ಹೆಚ್ಚಾದರೆ ಬೆಳಕು ಚದುರಿ ನೋಟ ಮಸುಕಾಗುತ್ತದೆಂಬ ಕಾರಣಕ್ಕೆ ರಕ್ತಕ್ಕೂ ಕಣ್ಣಿಗೂ ನಡುವೆ ಜೀವಕೋಶಗಳ ಬಿಗಿಯಾದ ತಡೆಯೊಂದಿದೆ. ಅದನ್ನು ದಾಟಿ ಬಂದ ಅಥವಾ ಕಣ್ಣಿನ ಅಂಗಾಂಶಗಳೇ ಬಿಟ್ಟ ಪ್ರೋಟೀನುಗಳು ಯಾವುವೆಂದು ತಿಳಿದರೆ ಒಳಗೆ ನಡೆಯುತ್ತಿರುವುದನ್ನು ಊಹಿಸಬಹುದು.

ಪೊರೆಯ ಶಸ್ತ್ರಚಿಕಿತ್ಸೆಯ ಆರಂಭದಲ್ಲಿ, ರೋಗಿಯ ಒಪ್ಪಿಗೆ ಪಡೆದು, ಸಣ್ಣ ಸೂಜಿಯಿಂದ 0.1 ಮಿಲಿಲೀಟರಿನಷ್ಟು ದ್ರವ ತೆಗೆಯುತ್ತಾರೆ. ಇಷ್ಟರಲ್ಲಿ ನೂರಾರು ಪ್ರೋಟೀನುಗಳನ್ನು ಬಿಡಿಸಿ ಹೇಳುವ ಉಪಾಯವೇ ಈ ವಿಷಯದ ನಿಜವಾದ ಸೊಗಸು. ಪ್ರೋಟೀನು ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಸರವಿದ್ದಂತೆ. ಟ್ರಿಪ್ಸಿನ್ ಎಂಬ ಕಿಣ್ವವು ಅದನ್ನು ಲೈಸಿನ್ ಮತ್ತು ಆರ್ಜಿನಿನ್ ಎಂಬ ಎರಡು ಮಣಿಗಳಲ್ಲಿ ಯಾವುದಾದರೊಂದರ ಬಳಿಕವಷ್ಟೇ ಕತ್ತರಿಸುತ್ತದೆ. ಕತ್ತರಿಸುವ ಜಾಗ ಮೊದಲೇ ಗೊತ್ತಿರುವುದರಿಂದ, ಮನುಷ್ಯನ ಪ್ರತಿಯೊಂದು ಪ್ರೋಟೀನಿನಿಂದ ಯಾವ ಯಾವ ತುಂಡುಗಳು ಬರಬೇಕು, ಅವುಗಳ ತೂಕವೆಷ್ಟು ಎಂಬುದನ್ನು ಕಂಪ್ಯೂಟರ್ ಮುಂಚೆಯೇ ಲೆಕ್ಕ ಹಾಕಿಡಬಲ್ಲದು. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವು ನಿಜವಾದ ತುಂಡುಗಳನ್ನು ತೂಗುತ್ತದೆ, ಮತ್ತೆ ಒಡೆದು ಚೂರುಗಳನ್ನೂ ತೂಗುತ್ತದೆ. ಒಂದೇ ಮಣಿಯಷ್ಟು ಹೆಚ್ಚುಕಡಿಮೆಯಿರುವ ಎರಡು ಚೂರುಗಳ ತೂಕದ ವ್ಯತ್ಯಾಸ 57.02 ಡಾಲ್ಟನ್ (ಅಣುಗಳ ತೂಕದ ಏಕಮಾನ) ಬಂದರೆ ಆ ಹೆಚ್ಚಿನ ಮಣಿ ಗ್ಲೈಸಿನ್, 71.04 ಬಂದರೆ ಅಲನಿನ್. ಲ್ಯೂಸಿನ್ ಮತ್ತು ಐಸೋಲ್ಯೂಸಿನ್‌ಗಳ ತೂಕ ಮಾತ್ರ ಒಂದೇ ಆದ್ದರಿಂದ ತೂಕವೊಂದರಿಂದಲೇ ಅವನ್ನು ಬೇರ್ಪಡಿಸಲಾಗದು. ಇಂಥ ಬೃಹತ್ ಅಣುಗಳನ್ನು ಚೂರಾಗಿಸದೆ ಯಂತ್ರದೊಳಕ್ಕೆ ಹಾರಿಸುವ ವಿಧಾನಗಳಿಗಾಗಿ ಜಾನ್ ಫೆನ್ ಮತ್ತು ಕೊಇಚಿ ತನಾಕಾ 2002ರ ನೊಬೆಲ್ ಪಡೆದರು.

ಹೀಗೆ ತೂಗಿದ ತೂಕಗಳನ್ನು ಲೆಕ್ಕ ಹಾಕಿಟ್ಟ ತೂಕಗಳೊಡನೆ ಹೋಲಿಸುವಾಗ, ಸಾವಿರಾರು ಹೋಲಿಕೆಗಳಲ್ಲಿ ಕೆಲವು ಆಕಸ್ಮಿಕವಾಗಿ ಹೊಂದಿಬಿಡುತ್ತವೆ. ಅದಕ್ಕಾಗಿ ಎಲ್ಲ ಪ್ರೋಟೀನುಗಳನ್ನೂ ಹಿಂದುಮುಂದಾಗಿ ಬರೆದ, ನಿಸರ್ಗದಲ್ಲಿ ಇಲ್ಲವೇ ಇಲ್ಲದ ಪಟ್ಟಿಯೊಂದನ್ನೂ ಕಂಪ್ಯೂಟರಿಗೆ ಕೊಡುತ್ತಾರೆ. ಅದರಲ್ಲಿ ಎಷ್ಟು ಹೊಂದಿಕೆಗಳು ಸಿಕ್ಕವೋ ನಿಜವಾದ ಪಟ್ಟಿಯಲ್ಲೂ ಸರಿಸುಮಾರು ಅಷ್ಟೇ ಸುಳ್ಳುಗಳಿವೆಯೆಂದು ತಿಳಿದು, ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಹೆಚ್ಚು ತಪ್ಪು ನುಸುಳದಂತೆ ಮಿತಿ ಹಾಕುತ್ತಾರೆ. ತನ್ನ ತಪ್ಪನ್ನು ತಾನೇ ಅಳೆಯುವ ಈ ಶಿಸ್ತು ಮನೆಮದ್ದಿನ ಪ್ರಚಾರಕರಲ್ಲಿ ನನಗೆ ಎಂದೂ ಕಂಡಿಲ್ಲ.

ಕಣ್ಣಿನ ಹಿಂಭಾಗದ ವಿಟ್ರಿಯಸ್ ಲೋಳೆಯನ್ನು ಹೀಗೆ ಪರೀಕ್ಷಿಸಿದ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನ ಸಂಶೋಧಕರು, ನೇತ್ರವೈದ್ಯರೊಡನೆ ಸೇರಿ, 2014ರಲ್ಲಿ 1,205 ಪ್ರೋಟೀನುಗಳ ಪಟ್ಟಿ ಪ್ರಕಟಿಸಿದರು. ಆದರೂ ಆಲ್ಬುಮಿನ್‌ನಂಥ ಹೇರಳ ಪ್ರೋಟೀನುಗಳ ಮರೆಯಲ್ಲಿ ಅತಿ ವಿರಳವಾದವು ತಪ್ಪಿಸಿಕೊಳ್ಳುತ್ತವೆ. ಅಂಥವನ್ನು ಹಿಡಿಯಲು ಪ್ರತಿಕಾಯಗಳನ್ನು, ಅಂದರೆ ನಿರ್ದಿಷ್ಟ ಪ್ರೋಟೀನಿಗೆ ಅಂಟಿಕೊಳ್ಳುವ ಅಣುಗಳನ್ನು, ಬಳಸುವ ಪರೀಕ್ಷೆಯೇ ಮೇಲು, ಆದರೆ ಹುಡುಕುವುದು ಏನನ್ನೆಂದು ಮೊದಲೇ ಗೊತ್ತಿರಬೇಕು. ಮಧುಮೇಹದಿಂದ ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಕೆಟ್ಟವರ ಕಣ್ಣಿನ ದ್ರವದಲ್ಲಿ ರಕ್ತನಾಳಗಳನ್ನು ಬೆಳೆಸುವ ವಿಇಜಿಎಫ್ ಪ್ರೋಟೀನು ಹೆಚ್ಚಿರುವುದನ್ನು 1994ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದು ಅಂಥ ಪರೀಕ್ಷೆಯಿಂದ. ಇಂದು ಅದೇ ಪ್ರೋಟೀನನ್ನು ತಡೆಯುವ ಔಷಧವನ್ನು ಚುಚ್ಚುಮದ್ದಾಗಿ ನೇರವಾಗಿ ವಿಟ್ರಿಯಸ್ಸಿಗೆ ಕೊಡುತ್ತಾರೆ.