ಇಟಾಲಿಯನ್ ಊಟವೇ ಹೀಗೋ, ಅಡುಗೆಮನೆಯಲ್ಲಿ ಕೆಟ್ಟದ್ದೋ?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಹುಬ್ಬಳ್ಳಿಯ ಒಂದು ಇಟಾಲಿಯನ್ ರೆಸ್ಟೋರೆಂಟಿಗೆ ರಾತ್ರಿ ಊಟಕ್ಕೆ ಹೋಗಿದ್ದೆವು. ಪಾಸ್ತಾ ಮುದ್ದೆಯಾಗಿತ್ತು, ಸಾಸ್ ಸಪ್ಪೆಯಾಗಿತ್ತು, ಪಿಜ್ಜಾ ಬರುವ ಹೊತ್ತಿಗೆ ಅರ್ಧ ಮಂದಿಯ ಊಟ ಮುಗಿದಿತ್ತು. ಬಿಲ್ ಮಾತ್ರ ಭಾರಿಯಾಗಿಯೇ ಬಂತು. ಇಟಾಲಿಯನ್ ಊಟದ ರುಚಿಯೇ ಇಷ್ಟೋ, ಅದು ನಮ್ಮ ನಾಲಿಗೆಗೆ ಒಗ್ಗುವುದಿಲ್ಲವೋ, ಅಥವಾ ಮಾಡಿದವರ ತಪ್ಪೋ?

ಉತ್ತರ: ನಾಲಿಗೆಯ ಮೇಲೆ ತಪ್ಪು ಹೊರಿಸಬೇಡಿ. ಹುಬ್ಬಳ್ಳಿ-ಧಾರವಾಡದ ಓದುಗರು ಈ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇರುತ್ತಾರೆ, ಮತ್ತು ಬಹುತೇಕರು ವರ್ಣಿಸುವ ಊಟ ಇಟಲಿಯಲ್ಲಿಯೂ ಯಾರಿಗೂ ಸೇರುವಂಥದ್ದಲ್ಲ. ನೀವು ಹೇಳಿದ ಮೂರು ದೂರುಗಳಲ್ಲಿ ಮೊದಲಿನೆರಡು ಅಡುಗೆಮನೆಗೆ ಸೇರಿದವು; ಮೂರನೆಯದರಲ್ಲಿ ಅಡುಗೆಮನೆಯ ಜೊತೆಗೆ ಆರ್ಡರ್ ಮಾಡುವ ರೀತಿಯ ಪಾಲೂ ಇದೆ.

ಪಾಸ್ತಾದಿಂದಲೇ ಆರಂಭಿಸೋಣ, ಏಕೆಂದರೆ ಊಟ ಕೆಡುವುದು ಹೆಚ್ಚಾಗಿ ಅಲ್ಲಿಯೇ. ಒಣ ಪಾಸ್ತಾವನ್ನು ಮಾಡುವುದು ಡ್ಯೂರಮ್ ಗೋಧಿಯ ರವೆಯಿಂದ. ಇಟಲಿಯಲ್ಲಿ 1967ರ ಕಾನೂನೇ ಇದನ್ನು ಕಡ್ಡಾಯ ಮಾಡಿತು. ಈ ಗೋಧಿಯ ಕಾಳು ಗಟ್ಟಿ, ಬಣ್ಣ ತುಸು ಹಳದಿ, ಪ್ರೋಟೀನ್ ಹೆಚ್ಚು. ಕುದಿಯುವ ನೀರಿನಲ್ಲಿ ಆ ಪ್ರೋಟೀನ್ ಬಿಗಿಯಾದ ಬಲೆಯಂತೆ ಗಟ್ಟಿಯಾಗಿ, ಉಬ್ಬುತ್ತಿರುವ ಪಿಷ್ಟವನ್ನು ಒಳಗೇ ಹಿಡಿದಿಡುತ್ತದೆ. ಮೈದಾ ಬೆರೆಸಿದ ಅಗ್ಗದ ಪಾಸ್ತಾದಲ್ಲಿ ಈ ಬಲೆ ದುರ್ಬಲವಾಗಿರುವುದರಿಂದ ಪಿಷ್ಟ ಹೊರಬಂದು ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ನೋಡಿದರೆ ಈ ಭಾಗದವರಿಗೆ ಡ್ಯೂರಮ್ ಗೋಧಿ ಪರಕೀಯ ವಸ್ತುವೇನೂ ಅಲ್ಲ. ಅಂಗಡಿಯಲ್ಲಿ ಬನ್ಸಿ ರವೆ ಎಂದು ಕೇಳಿ ತರುವುದು ಡ್ಯೂರಮ್ ಗೋಧಿಯ ರವೆಯನ್ನೇ. ಬಿಜಗ ಹಳದಿ ಎಂಬ ತಳಿ ಉತ್ತರ ಕರ್ನಾಟಕದ ಮಳೆಯಾಶ್ರಿತ ಎರೆಹೊಲಗಳಲ್ಲಿ ಬಹುಕಾಲದಿಂದ ಬೆಳೆದು ಬಂದದ್ದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಯುಎಎಸ್ 428, ಯುಎಎಸ್ 446 ಎಂಬ ಡ್ಯೂರಮ್ ತಳಿಗಳನ್ನು ಹೊರತಂದಿದೆ. ಶ್ಯಾವಿಗೆ ಹೊಸೆಯುವ, ಅಕ್ಕಿಕಾಳಿನಷ್ಟು ಸಣ್ಣ ಗವಲಿ ಮಾಡಿ ಒಣಗಿಸುವ ಮನೆಗಳಲ್ಲಿ ಬೆಳೆದವರಿಗೆ ಬೆಂದ ಗೋಧಿಯ ಹದ ಯಾವುದು, ಹದ ಮೀರಿದ್ದು ಯಾವುದು ಎಂದು ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ ತಟ್ಟೆಯಲ್ಲಿದ್ದದ್ದು ಮುದ್ದೆ ಎಂದು ನಿಮ್ಮ ಬಾಯಿ ಹೇಳಿದ್ದರೆ ಅದು ಮುದ್ದೆಯೇ ಆಗಿತ್ತು.

ಅದು ಮುದ್ದೆಯಾದದ್ದು ಹೇಗೆ? ಪೆನ್ನೆ ಎಂಬ ಕೊಳವೆಯಾಕಾರದ ಒಣ ಪಾಸ್ತಾ ಬೇಯಲು ಹತ್ತು ಹನ್ನೆರಡು ನಿಮಿಷ ಬೇಕು. ಅಷ್ಟು ಹೊತ್ತು ಗಿರಾಕಿ ಕಾಯುವುದಿಲ್ಲವೆಂಬ ಭಯದಿಂದ ಅನೇಕ ಹೋಟೆಲುಗಳು ಮಧ್ಯಾಹ್ನವೇ ಕಿಲೋಗಟ್ಟಲೆ ಪಾಸ್ತಾವನ್ನು ಪೂರ್ತಿ ಬೇಯಿಸಿ, ತಣ್ಣೀರಿನಲ್ಲಿ ತೊಳೆದು, ಅಂಟದಿರಲೆಂದು ಎಣ್ಣೆ ಸವರಿ ಡಬ್ಬಿಯಲ್ಲಿಟ್ಟುಬಿಡುತ್ತವೆ. ಮುಂಚಿತವಾಗಿ ಬೇಯಿಸುವುದೇ ತಪ್ಪೆಂದು ನಾನು ಹೇಳುವುದಿಲ್ಲ; ಮುಕ್ಕಾಲು ಪಾಲು ಬೇಯಿಸಿ, ಬೇಗ ತಣಿಸಿಟ್ಟು, ಉಳಿದ ಕಾಲು ಪಾಲನ್ನು ಆರ್ಡರ್ ಬಂದ ಮೇಲೆ ಸಾಸಿನ ಬಾಣಲೆಯಲ್ಲಿಯೇ ಬೇಯಿಸುವುದು ದೊಡ್ಡ ಅಡುಗೆಮನೆಗಳು ಒಪ್ಪಿಕೊಂಡ ವಿಧಾನ. ಆದರೆ ಪೂರ್ತಿ ಬೆಂದ ಪಾಸ್ತಾ ಡಬ್ಬಿಯಲ್ಲಿಯೂ ತೇವ ಹೀರುತ್ತ ಮೆತ್ತಗಾಗುತ್ತದೆ, ರಾತ್ರಿ ಬಿಸಿ ಮಾಡಿದಾಗ ಮತ್ತೊಮ್ಮೆ ಬೇಯುತ್ತದೆ. ಎಣ್ಣೆ ಸವರಿದ್ದರಿಂದ ಸಾಸ್ ಮೈಗೆ ಹತ್ತುವುದಿಲ್ಲ. ಬೇಯಿಸಿದ ನೀರನ್ನು ಮಧ್ಯಾಹ್ನವೇ ಚೆಲ್ಲಿರುವುದರಿಂದ, ಕೊಬ್ಬನ್ನೂ ನೀರನ್ನೂ ಕೂಡಿಸಿ ಸಾಸನ್ನು ನುಣುಪಾಗಿ ಹಿಡಿದಿಡಬೇಕಾದ ಪಿಷ್ಟದ ನೀರು ಬಾಣಲೆಯ ಹತ್ತಿರ ಇರುವುದೇ ಇಲ್ಲ.

ಇದನ್ನು ತಟ್ಟೆಯಲ್ಲಿಯೇ ಗುರುತಿಸಬಹುದು. ಒಂದು ಪೆನ್ನೆಯನ್ನು ಅಡ್ಡಲಾಗಿ ಕಚ್ಚಿ, ಕಚ್ಚಿದ ಮೈಯನ್ನು ಬೆಳಕಿಗೆ ಹಿಡಿದು ನೋಡಿ. ಹದವಾಗಿ ಬೆಂದದ್ದರಲ್ಲಿ ಗೋಡೆಯ ನಡುವೆ ಕೂದಲೆಳೆಯಷ್ಟು ತೆಳುವಾದ, ತುಸು ಬಿಳಿಚಿದ ಗೆರೆ ಕಾಣುತ್ತದೆ, ಹಲ್ಲಿಗೆ ಸಣ್ಣ ಪ್ರತಿರೋಧ ಸಿಗುತ್ತದೆ. ಮಿತಿಮೀರಿ ಬೆಂದದ್ದರಲ್ಲಿ ಆ ಗೆರೆ ಮಾಯವಾಗಿರುತ್ತದೆ, ಹೊರಮೈಯ ಏಣುಗಳು ಉಬ್ಬಿ ಅಳಿಸಿಹೋಗಿರುತ್ತವೆ, ಕೊಳವೆಯ ಬಾಯಿ ಚಪ್ಪಟೆಯಾಗಿರುತ್ತದೆ. ತಟ್ಟೆಯ ಅಂಚಿನಲ್ಲಿ ಕೆಂಪು ಸಾಸಿನಿಂದ ಬೇರ್ಪಟ್ಟ ನೀರು ನಿಂತಿದ್ದರೆ ಪಾಸ್ತಾ ಮತ್ತು ಸಾಸ್ ಒಲೆಯ ಮೇಲೆ ಕೂಡಿ ಬೆಂದೇ ಇಲ್ಲ, ತಟ್ಟೆಯಲ್ಲಿ ಭೇಟಿಯಾಗಿವೆ ಎಂದು ತಿಳಿಯಬಹುದು.

ಸಪ್ಪೆತನಕ್ಕೆ ಮೊದಲ ಕಾರಣ ಉಪ್ಪು, ಅದರಲ್ಲಿಯೂ ನೀರಿನ ಉಪ್ಪು. ನೂರು ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, ಹತ್ತು ಗ್ರಾಂ ಉಪ್ಪು ಎಂಬುದು ಇಟಲಿಯ ಮನೆಮನೆಯ ಲೆಕ್ಕ. ಬೇಯುವಾಗ ಒಳಗೆ ಹೋಗದ ಉಪ್ಪನ್ನು ಆಮೇಲೆ ಮೇಲಿನಿಂದ ಉದುರಿಸಿ ಸರಿಪಡಿಸಲಾಗದು. ಎರಡನೆಯ ಕಾರಣ ಚೀಸ್. ಅಸಲಿ ಪಾರ್ಮಿಜಾನೊ ರೆಜ್ಜಾನೊ ಚೀಸಿನಲ್ಲಿ ಹಾಲನ್ನು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸಲೇಬೇಕೆಂಬ ನಿಯಮವಿದೆ, ಹೀಗಾಗಿ ಸಸ್ಯಾಹಾರಿಗಳು ಹೆಚ್ಚಾಗಿ ಬರುವ ನಮ್ಮ ಊರಿನ ಹೋಟೆಲುಗಳು ಅದನ್ನು ಬಿಡುವುದು ನ್ಯಾಯವೇ. ಆದರೆ ಬಿಟ್ಟ ಜಾಗದಲ್ಲಿ ಸಸ್ಯಮೂಲದ ಅಥವಾ ಸೂಕ್ಷ್ಮಜೀವಿಗಳ ರೆನೆಟ್ಟಿನಿಂದ ಮಾಡಿ ಚೆನ್ನಾಗಿ ಹಳತಾಗಿಸಿದ ಗಟ್ಟಿ ಚೀಸನ್ನು ತರುವ ಬದಲು, ರುಚಿಯೇ ಇಲ್ಲದ ಸಂಸ್ಕರಿತ ಚೀಸನ್ನು ಸುರಿದು, ಕೊರತೆಯನ್ನು ಒಣ ಓರೆಗಾನೊ ಮತ್ತು ಟೊಮೆಟೊ ಕೆಚಪ್ಪಿನಿಂದ ಮುಚ್ಚುವುದು ನನಗೆ ನಿಜವಾಗಿಯೂ ಬೇಸರ ತರಿಸುವ ಸಂಗತಿ. ಟೊಮೆಟೊ ಸಾಸಿಗೆ ಹಣ್ಣಿನಲ್ಲಿರುವ ನೀರು ಇಂಗಿ ಸಿಹಿ ಗಟ್ಟಿಯಾಗುವವರೆಗೆ ಸಣ್ಣ ಉರಿ ಬೇಕು. ಅವಸರದಲ್ಲಿ ಇಳಿಸಿದ ಸಾಸ್ ಹುಳಿಯಷ್ಟೇ ಆಗಿರುತ್ತದೆ.

ನಮ್ಮಲ್ಲಿ ಎಲ್ಲರೂ ಕೇಳುವ ವೈಟ್ ಸಾಸ್ ಪಾಸ್ತಾದ ವಿಷಯ ಬೇರೆ. ಮೈದಾವನ್ನು ಬೆಣ್ಣೆಯಲ್ಲಿ ಹುರಿದು ಹಾಲು ಬೆರೆಸಿ ಕುದಿಸಿದ ಆ ಸಾಸ್ ಇಟಲಿಯಲ್ಲಿಯೂ ಇದೆ, ಆದರೆ ಅದರ ಮುಖ್ಯ ಜಾಗ ಲಸಾನ್ಯದಂತಹ, ಓವನ್ನಿನಲ್ಲಿ ಬೇಯಿಸುವ ಖಾದ್ಯಗಳ ಪದರಗಳ ನಡುವೆ. ಆರುತ್ತಿದ್ದಂತೆ ಮೈದಾ ಗಟ್ಟಿಯಾಗಿ ಮೇಲೆ ಕೆನೆ ಕಟ್ಟುವುದರಿಂದ, ಮೇಜಿನ ಮೇಲೆ ಸ್ವಲ್ಪ ಹೊತ್ತು ಉಳಿದರೂ ಅದು ಅಂಟಿನಂತಾಗುತ್ತದೆ. ರೋಮಿನ ಆಲ್ಫ್ರೆಡೊ ಫೆತ್ತುಚೀನೆ ಎಂಬ ಪಟ್ಟಿ ಪಾಸ್ತಾದ ಸಾಸಿನ ಮೂಲರೂಪದಲ್ಲಿ ಇದ್ದದ್ದು ಬೆಣ್ಣೆ ಮತ್ತು ಚೀಸ್; ಮೈದಾ ಇರಲಿಲ್ಲ. ಖಾರ ಬೇಕೆನ್ನುವವರು ಅರಾಬ್ಬಿಯಾತಾ ಕೇಳುವುದು ಒಳ್ಳೆಯದು: ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಆಲಿವ್ ಎಣ್ಣೆ, ಅಷ್ಟೇ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ಸೊಗಸಾದ ಬಣ್ಣ ಕೊಡುತ್ತದೆ, ಖಾರ ಮಾತ್ರ ಕಡಿಮೆ, ಹಾಗಾಗಿ ಜೊತೆಗೆ ಗುಂಟೂರಿನ ಒಂದೆರಡು ಕಾಯಿ ಸೇರಿಸುವ ಅಡುಗೆಯವರು ಜಾಣರು.

ಪಿಜ್ಜಾ ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ನೇಪಲ್ಸ್ ಶೈಲಿಯ ಪಿಜ್ಜಾ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದ ಕಟ್ಟಿಗೆಯ ಒಲೆಯಲ್ಲಿ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ಸಣ್ಣ ವಿದ್ಯುತ್ ಓವನ್ನಿನಲ್ಲಿ ಅಷ್ಟು ಶಾಖ ಏರದು, ಬೇಯಲು ಹಲವು ನಿಮಿಷ ಬೇಕು, ಆ ಹೊತ್ತಿಗೆ ಹಿಟ್ಟಿನ ತೇವ ಆರಿ ತಳ ಬಿಸ್ಕತ್ತಿನಂತಾಗುತ್ತದೆ. ಒಂದು ಓವನ್ನಿನಲ್ಲಿ ಒಮ್ಮೆಗೆ ಎರಡೇ ಪಿಜ್ಜಾ ಹಿಡಿಯುವುದಾದರೆ ಐದನೆಯ ಪಿಜ್ಜಾ ಕೇಳಿದವರು ಕಾಯಲೇಬೇಕು.

ಗುಂಪಾಗಿ ಹೋದಾಗಿನ ತೊಂದರೆಯೂ ಇಲ್ಲಿಯೇ ಇದೆ. ಪಾಸ್ತಾವನ್ನು ಎರಡು ಮೂರು ಪ್ಲೇಟಿನಷ್ಟು ಮಾತ್ರ ಒಂದು ಬಾಣಲೆಯಲ್ಲಿ ಸರಿಯಾಗಿ ಹೊರಳಿಸಬಹುದು. ಎಂಟು ಜನ ಎಂಟು ಬಗೆ ಕೇಳಿದರೆ ಎಂಟು ಬಾಣಲೆ ಬೇಕು, ನಾಲ್ಕು ಉರಿಯ ಒಲೆಯಲ್ಲಿ ಮೊದಲ ನಾಲ್ಕು ಪ್ಲೇಟು ಆರುತ್ತ ಕೂರುತ್ತವೆ. ಎಲ್ಲರೂ ಹಂಚಿಕೊಳ್ಳುವಂತೆ ಎರಡು ಬಗೆಯ ಪಾಸ್ತಾ ಮೊದಲು ತರಿಸಿ, ಅದು ಮುಗಿಯುವಾಗ ಪಿಜ್ಜಾ ಬರಲಿ ಎಂದು ಹೇಳಿದರೆ ಅಡುಗೆಯವರಿಗೂ ಕೈ ಆಡಿಸಲು ಅವಕಾಶ ಸಿಗುತ್ತದೆ. ಕೂರುವ ಮುನ್ನವೇ ಮೆನು ನೋಡಿ: ಮಂಚೂರಿ, ಪನೀರ್ ಟಿಕ್ಕಾ, ಬಿರಿಯಾನಿಗಳ ನಡುವೆ ಇಪ್ಪತ್ತು ಬಗೆಯ ಪಾಸ್ತಾ ಇದ್ದರೆ ಅವೆಲ್ಲವೂ ಒಂದೇ ಡಬ್ಬಿಯಿಂದ ಬರುವ ಸಂಭವ ಹೆಚ್ಚು. ಪಾಸ್ತಾ ಈಗ ಬೇಯಿಸುತ್ತೀರಾ, ಎಷ್ಟು ಹೊತ್ತು ಬೇಕು ಎಂದು ನೇರವಾಗಿ ಕೇಳಿ. ಹದಿನೈದು ನಿಮಿಷ ಎಂಬ ಉತ್ತರ ಒಳ್ಳೆಯ ಲಕ್ಷಣ, ಐದು ನಿಮಿಷ ಎಂದರೆ ಬೇರೆ ಏನಾದರೂ ತರಿಸಿ.

ತಟ್ಟೆ ಬಂದಾಗಲೇ ಅದು ತಣ್ಣಗಿದ್ದರೆ ಅಥವಾ ಮುದ್ದೆಯಾಗಿದ್ದರೆ ಎರಡು ತುತ್ತಿನೊಳಗೆ ಹೇಳಿ, ಬದಲಿಸಿ ಕೊಡಲು ಕೇಳಿ. ಪೂರ್ತಿ ತಿಂದ ಮೇಲೆ ಹೇಳಿದ ದೂರಿಗೆ ಬಲವಿರುವುದಿಲ್ಲ. ಬಿಲ್ಲಿನ ವಿಷಯದಲ್ಲಿ, ಸಾಮಾನ್ಯ ರೆಸ್ಟೋರೆಂಟಿನಲ್ಲಿ ಶೇ 5ರ ಜಿಎಸ್‌ಟಿ ಕೊಡಲೇಬೇಕಾದದ್ದು. ಸರ್ವಿಸ್ ಚಾರ್ಜ್ ಹಾಗಲ್ಲ. ಅದನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಊಟ ಮೆಚ್ಚುಗೆಯಾಗದಿದ್ದರೆ ಆ ಮೊತ್ತವನ್ನು ತೆಗೆಯಲು ಕೌಂಟರಿನಲ್ಲಿಯೇ ಸೌಜನ್ಯದಿಂದ ಕೇಳಿ. ಒಪ್ಪದಿದ್ದರೆ ಬಿಲ್ಲನ್ನು ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.