ಹಾಫ್ ಇಂಜಿನ್ ಸಾಕಾ, ಫುಲ್ ಬೇಕಾ?

ಹೋದ ವಾರ ಒಬ್ಬ ಹುಡುಗ ಗಾಡಿ ಇಲ್ಲದೆ ಗ್ಯಾರೇಜಿಗೆ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಪೇಪರಿನಲ್ಲಿ ಸುತ್ತಿದ ಯಮಹಾ ಆರ್‌ಎಕ್ಸ್ 100 ಬೈಕಿನ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್), ಪಿಸ್ಟನ್. "ಸಾರ್, ಜಾಮ್ ಆಗ್ಬಿಟ್ಟಿದೆ. 50 ಸೈಜ್ ಬೋರ್ ಮಾಡ್ಸಿ, ಹೊಸ ಪಿಸ್ಟನ್ ಹಾಕ್ಕೊಡಿ. ಶನಿವಾರ ಬೇಕು" ಅಂದ. ಪಿಸ್ಟನ್ ತಲೆ ಒರೆಸಿ ನೋಡಿದೆ. 0.25 ಅಂತ ಇತ್ತು, ಅಂದರೆ ಮೂಲ ಅಳತೆಗಿಂತ ಕಾಲು ಮಿ.ಮೀ. ದಪ್ಪ. ಅವನು ಕೇಳಿದ 50 ಸೈಜ್ ಅಂದರೆ ಅರ್ಧ ಮಿ.ಮೀ. ಯಾವಾಗ ಹಾಕಿಸಿದ್ದು ಅಂದೆ. "ದೀಪಾವಳಿಗೆ ಸಾರ್." ಮತ್ತೆ ಇಷ್ಟು ಬೇಗ ಯಾಕೆ ಹೋಯ್ತು? "ಹಳೇ ಗಾಡಿ ಅಲ್ವಾ ಸಾರ್."

ಈ ಮಾತು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಗಾಡಿ ಹಳೆಯದು, ಒಪ್ಪಿದೆ. ಆರ್‌ಎಕ್ಸ್ 100 ನಮ್ಮಲ್ಲಿ ತಯಾರಾಗಿದ್ದು 1985ರಿಂದ 1996ರವರೆಗೆ. ಆದರೆ ಈ ಪಿಸ್ಟನ್‌ಗೆ ಆರೇ ತಿಂಗಳು. ಅದು ಸವೆದು ಹೋಗಿದ್ದಲ್ಲ, ಸುಟ್ಟು ಹೋಗಿದ್ದು. ಸುಟ್ಟ ಕಾರಣ ಇನ್ನೂ ಇಂಜಿನ್ ಒಳಗೇ ಕೂತಿದೆ. ಅದನ್ನು ಹುಡುಕದೆ 50 ಸೈಜ್ ಹಾಕಿದರೆ ಗಣೇಶನ ಹಬ್ಬಕ್ಕೆ 75, ಯುಗಾದಿಗೆ 100. ಆಮೇಲೆ ಬ್ಲಾಕ್ ಗುಜರಿಗೆ.

ಗ್ಯಾರೇಜ್ ಭಾಷೆಯಲ್ಲಿ ಹಾಫ್ ಇಂಜಿನ್ ಅಂದರೆ ಮೇಲಿನ ಕೆಲಸ ಮಾತ್ರ: ಬೋರ್ (ಬ್ಲಾಕಿನ ಒಳಗೋಡೆ ಕೆರೆದು ಅಗಲ ಮಾಡೋದು), ಪಿಸ್ಟನ್, ರಿಂಗು. ಫುಲ್ ಇಂಜಿನ್ ಅಂದರೆ ಕೆಳಗಿನ ಕೇಸ್ ಬಿಚ್ಚಿ ಕ್ರ್ಯಾಂಕ್ (ಪಿಸ್ಟನ್ ಏರಿಳಿತವನ್ನು ತಿರುಗಾಟ ಮಾಡುವ ದಂಡ), ಬೇರಿಂಗ್, ಸೀಲ್ ಎಲ್ಲಾ ನೋಡೋದು. ಬರುವವರೆಲ್ಲ ಮನೆಯಲ್ಲೇ ಹಾಫ್ ಅಂತ ತೀರ್ಮಾನ ಮಾಡಿಕೊಂಡು ಬರುತ್ತಾರೆ. ದುಡ್ಡಿನ ಪ್ರಶ್ನೆ, ಅರ್ಥವಾಗುತ್ತದೆ. ಆದರೆ ಆ ತೀರ್ಮಾನ ಇಂಜಿನ್ ಹೇಳಬೇಕು, ಪರ್ಸ್ ಅಲ್ಲ.

ಎಲ್ಲರೂ ತಪ್ಪು ತಿಳಿದುಕೊಳ್ಳುವ ಜಾಗ ಒಂದಿದೆ. ನಿಧಾನವಾಗಿ ಹೇಳುತ್ತೇನೆ, ಬೇಜಾರಾದರೂ ಓದಿ.

ಫೋರ್ ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕ್ ಕೇಸ್ ಅಂದರೆ ಎಣ್ಣೆಯ ಪಾತ್ರೆ ಇದ್ದ ಹಾಗೆ. ಅಲ್ಲೊಂದು ಸೀಲ್ ಸೋರಿದರೆ ಮನೆ ಮುಂದೆ ಎಣ್ಣೆ ಕಲೆ ಆಗುತ್ತದೆ, ಬೈಸಿಕೊಳ್ಳುತ್ತೀರಿ, ಅಷ್ಟೆ. ಆರ್‌ಎಕ್ಸ್ ಥರದ ಟೂ ಸ್ಟ್ರೋಕ್ ಹಾಗಲ್ಲ. ಇಲ್ಲಿ ಪೆಟ್ರೋಲು, ಗಾಳಿ ಕಾರ್ಬೊರೇಟರ್‌ನಿಂದ ನೇರವಾಗಿ ಪಿಸ್ಟನ್ ಮೇಲಕ್ಕೆ ಹೋಗೋದಿಲ್ಲ. ಮೊದಲು ಕೆಳಗಿನ ಕೇಸಿಗೆ ಬರುತ್ತದೆ. ಪಿಸ್ಟನ್ ಮೇಲೆ ಹೋದಾಗ ಕೆಳಗೆ ಎಳೆತ ಹುಟ್ಟಿ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಇಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ, ಬ್ಲಾಕಿನ ಪಕ್ಕದ ದಾರಿಗಳಲ್ಲಿ ಮೇಲಕ್ಕೆ ನುಗ್ಗುತ್ತದೆ. ಊರಲ್ಲಿ ಕಮ್ಮಾರರ ಕುಲುಮೆ ನೋಡಿದವರಿಗೆ ಇದು ಸುಲಭ. ಕೆಳಗಿನ ಕೇಸ್ ಒಂದು ತಿದಿ.

ಆ ತಿದಿಯ ಎರಡು ಬದಿಯಿಂದ ಕ್ರ್ಯಾಂಕಿನ ತುದಿಗಳು ಹೊರಗೆ ಬರುತ್ತವೆ. ಅಲ್ಲಿ ಒಂದೊಂದು ರಬ್ಬರ್ ಸೀಲ್. ವಯಸ್ಸಾದರೆ, ಗಾಡಿ ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತರೆ, ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಕಡೆಯ ಸೀಲ್ ಸೋರಿದರೆ ಹೊರಗಿನ ಗಾಳಿ ಕಳ್ಳದಾರಿಯಲ್ಲಿ ಒಳಗೆ ಬರುತ್ತದೆ. ಈ ಗಾಳಿಗೆ ಕಾರ್ಬೊರೇಟರ್ ಲೆಕ್ಕದಲ್ಲಿ ಪೆಟ್ರೋಲ್ ಇಲ್ಲ. ಮಿಶ್ರಣ ತೆಳುವಾಗುತ್ತದೆ, ಬಿಸಿ ಏರುತ್ತದೆ, ಪಿಸ್ಟನ್ ಉಬ್ಬಿ ಬ್ಲಾಕಿಗೆ ಕಚ್ಚಿಕೊಳ್ಳುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಬಿಡುತ್ತದೆ. ಆಯಿಲ್ ಕಮ್ಮಿ ಆಗ್ತಾ ಇದೆ, ಆದರೆ ಎಲ್ಲೂ ಸೋರ್ತಿಲ್ಲ ಅಂತ ಬರುವವರ ಕಥೆ ಸಾಮಾನ್ಯವಾಗಿ ಇದೇ.

ಹೊಸ ಪಿಸ್ಟನ್ ಹಾಕಿದರೆ ಈ ತಿದಿಯ ತೂತು ಮುಚ್ಚುತ್ತದಾ? ಇಲ್ಲ. ಬೋರ್ ಮಾಡಿದ ಲೇತಿನವರನ್ನು ಬೈದು ಪ್ರಯೋಜನ ಇಲ್ಲ.

ತೂತು ಇದೆಯಾ ಅಂತ ನೋಡೋದಕ್ಕೆ ನಮ್ಮಲ್ಲಿ ಒಂದು ಹಳೇ ಬಿಪಿ ಮಿಷನ್ ಇದೆ. ಡಯಲ್ ಇರುವಂಥದ್ದು. ನಮ್ಮ ಗಿರಾಕಿ ಡಾಕ್ಟರೊಬ್ಬರು ಕೊಟ್ಟಿದ್ದು. ಸೈಲೆನ್ಸರ್ ಬಿಚ್ಚಿ ಆ ಬಾಯಿ ಮುಚ್ಚಬೇಕು. ಕಾರ್ಬೊರೇಟರ್ ತೆಗೆದು ಆ ಬಾಯಿಗೆ ರಬ್ಬರ್ ಬಿರಡೆ, ಅದರ ನಡುವೆ ನಳಿಕೆ. ಬಲ್ಬ್ ಒತ್ತಿ 300ಕ್ಕೆ ಏರಿಸಿ ಬಿಟ್ಟರೆ ಆಯಿತು. ಸುಮಾರು ಆರು ಪಿಎಸ್‌ಐ ಅದು, ಈ ಕೆಲಸಕ್ಕೆ ಅಷ್ಟು ಸಾಕು, ಜಾಸ್ತಿ ಒತ್ತಿದರೆ ಒಳ್ಳೇ ಸೀಲೇ ಹೊರಗೆ ಬಂದೀತು. ಐದು ನಿಮಿಷ ಸೂಜಿ ನಿಂತರೆ ಕೆಳಗೆ ಗಟ್ಟಿ ಇದೆ ಅಂತ ಅರ್ಥ. ಇಳಿದರೆ ಸೋಪಿನ ನೊರೆ ಹಚ್ಚಿ ಎಲ್ಲಿ ಗುಳ್ಳೆ ಏಳುತ್ತದೆ ನೋಡಬೇಕು. ಇದು ಇಂಜಿನ್ ಬಿಚ್ಚುವ ಮುಂಚೆ ಮಾಡುವ ಪರೀಕ್ಷೆ. ಅದಕ್ಕೇ ಬ್ಲಾಕನ್ನು ಕವರಿನಲ್ಲಿ ತರಬೇಡಿ ಅಂತ ಬಡಕೊಳ್ಳೋದು. ಗಾಡಿ ತನ್ನಿ. ತಳ್ಳಿಕೊಂಡಾದರೂ ತನ್ನಿ.

ಪಿಸ್ಟನ್ ಕೂಡ ಮಾತಾಡುತ್ತದೆ. ಸೈಲೆನ್ಸರ್ ಕಡೆ ಮಾತ್ರ ಗೀಚಿದ್ದರೆ ಬಿಸಿ ಜಾಸ್ತಿಯಾಗಿದೆ. ಕಾರ್ಬೊರೇಟರ್ ಕಡೆ ಮಂಕಾಗಿ ಬೂದಿ ಬಣ್ಣಕ್ಕೆ ಸವೆದಿದ್ದರೆ ಧೂಳು ಹೋಗಿದೆ, ಏರ್ ಫಿಲ್ಟರ್ ನೋಡಿ. ಮೆಟ್ರೋ ಕೆಲಸದ ಪಕ್ಕ ದಿನಾ ಓಡಾಡುವ ಗಾಡಿಗಳಲ್ಲಿ ಇದು ಜಾಸ್ತಿ. ನಾಲ್ಕೂ ಮೂಲೆ ಕಚ್ಚಿದ್ದರೆ ಫಿಟ್ಟಿಂಗ್ ಬಿಗಿಯಾಗಿದೆ, ಇಲ್ಲವೇ ತಣ್ಣಗಿನ ಇಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಹಿಂಡಿದ್ದೀರಿ. ಇದೆಲ್ಲ ಅಂದಾಜು, ವೇದವಾಕ್ಯ ಅಲ್ಲ. ಎರಡು ಕಾರಣ ಸೇರಿಕೊಂಡಿರುವುದೂ ಉಂಟು. ಆಯಿಲ್ ಪಂಪ್ ಕಿತ್ತು ಹಾಕಿ, ಪೆಟ್ರೋಲ್ ಟ್ಯಾಂಕಿಗೆ ಅಂದಾಜಿನಲ್ಲಿ ಎಣ್ಣೆ ಸುರಿಯುವ ಮಹಾನುಭಾವರೂ ಇದ್ದಾರೆ. ಅವರ ಪಿಸ್ಟನ್ ಓದೋಕೆ ಹೋಗಬಾರದು.

ಇನ್ನೊಂದು ನೆನಪಾಯಿತು. ಬೆಂಗಳೂರು ಸಮುದ್ರದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿಯ ಗಾಳಿಗೆ ಸರಿಯಾಗಿ ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ಬಿಡುವ ತೂತು, ಅಂದರೆ ಜೆಟ್, ಸಣ್ಣದು ಮಾಡಿಸಿಕೊಂಡು ಮೈಲೇಜ್ ಬಂತು ಅಂತ ಖುಷಿಪಟ್ಟವನೊಬ್ಬ ಶಿರಾಡಿ ಇಳಿದು ಮಂಗಳೂರಿಗೆ ಹೋದ. ಕೆಳಗೆ ಗಾಳಿ ದಟ್ಟ, ಮಿಶ್ರಣ ಇನ್ನೂ ತೆಳುವಾಯಿತು. ಗಾಡಿ ವಾಪಸ್ ಬಂದಿದ್ದು ಟೆಂಪೋದಲ್ಲಿ.

ಕ್ರ್ಯಾಂಕ್ ವಿಷಯ. ಬ್ಲಾಕ್ ತೆಗೆದ ಮೇಲೆ ಕನೆಕ್ಟಿಂಗ್ ರಾಡ್ ಹಿಡಿದು ಅಲ್ಲಾಡಿಸಿ, "ಆಟ ಇದೆ ಸಾರ್" ಅಂತ ಹೆದರುತ್ತಾರೆ. ಪಕ್ಕಕ್ಕೆ ಸ್ವಲ್ಪ ಆಟ ಇರಲೇಬೇಕು. ನೋಡಬೇಕಾಗಿದ್ದು ಮೇಲೆ ಕೆಳಗೆ. ರಾಡನ್ನು ಮೇಲಕ್ಕೆತ್ತಿ ಒತ್ತಿದಾಗ ಟಕ್ ಅಂದರೆ ಬೇರಿಂಗ್ ಹೋಗಿದೆ, ಆಗ ಫುಲ್ ಇಂಜಿನ್ನೇ ಗತಿ. ಪಿಸ್ಟನ್ ಚೂರು ಮುರಿದು ಕೆಳಗೆ ಬಿದ್ದಿದ್ದರೂ ಅಷ್ಟೇ. ಸೀಮೆಎಣ್ಣೆ ಹಾಕಿ ಕುಲುಕಿ ತೊಳೆದುಬಿಡಿ ಅನ್ನುತ್ತಾರೆ, ನಾನು ಜವಾಬ್ದಾರಿ ತಗೊಳ್ಳೋದಿಲ್ಲ.

ಈ ಕ್ರ್ಯಾಂಕ್ ಕೆಲಸಕ್ಕೆ ನಾನು ಹೋಗೋದು ಕಲಾಸಿಪಾಳ್ಯದ ಕಡೆಯ ಒಬ್ಬ ಹಿರಿಯರ ಹತ್ತಿರ. ಪ್ರೆಸ್ಸಿನಲ್ಲಿ ಪಿನ್ ಕೂರಿಸಿ, ಕ್ರ್ಯಾಂಕನ್ನು ವಿ-ಬ್ಲಾಕ್ ಮೇಲಿಟ್ಟು, ಡಯಲ್ ಮುಳ್ಳು ನೋಡುತ್ತಾ ಹಿತ್ತಾಳೆ ಸುತ್ತಿಗೆಯಲ್ಲಿ ಒಂದೇ ಒಂದು ಏಟು. ತಿರುಗಿಸಿ ನೋಡಿ, ಇನ್ನೊಂದು. ಮುಳ್ಳಿನ ಓಡಾಟ ಮೂರು ಗೆರೆಯೊಳಗೆ ಬರುವತನಕ, ಅಂದರೆ 0.03 ಮಿ.ಮೀ., ಅವರು ಟೀ ಕುಡಿಯೋದಿಲ್ಲ. ಪಕ್ಕದಲ್ಲಿ ನಿಂತವರೂ ಮಾತಾಡಬಾರದು.

ಸೂಜಿ ನಿಂತಿದೆ, ರಾಡಿನಲ್ಲಿ ಟಕ್ ಇಲ್ಲ, ಕೆಳಗೆ ಚೂರು ಬಿದ್ದಿಲ್ಲ, ಪಿಸ್ಟನ್ ವರ್ಷಗಟ್ಟಲೆ ಓಡಿ ತಾನಾಗಿಯೇ ಸವೆದಿದೆ ಅಂದರೆ ಹಾಫ್ ಸಾಕು. ಸುಮ್ನೆ ಕೇಸ್ ಬಿಚ್ಚಿಸಬೇಡಿ. ಸೀಲ್ ಒಂದೇ ಹೋಗಿದ್ದರೆ ಹೊರಗಿನಿಂದಲೇ ಬದಲಿಸಬಹುದಾ ಅನ್ನೋದು ಯಾವ ಇಂಜಿನ್ ಅನ್ನೋದರ ಮೇಲೆ ಇದೆ.

"ಪದೇ ಪದೇ ಯಾಕೆ, ಒಂದೇ ಸಲ 100 ಸೈಜ್ ಹಾಕ್ಬಿಡಿ, ಪವರ್ರೂ ಬರುತ್ತೆ" ಅನ್ನುವವರಿಗೆ ಲೆಕ್ಕ ಕೊಡುತ್ತೇನೆ. ಆರ್‌ಎಕ್ಸ್‌ನ ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., 98 ಸಿಸಿ. 51ಕ್ಕೆ ಹೋದರೆ 102. ನಾಲ್ಕು ಸಿಸಿ ಆಸೆಗೆ ಮೂರು ಸಲ ಉಳಿಯಬಹುದಾಗಿದ್ದ ಕಬ್ಬಿಣ ಕೆರೆದು ಬಿಸಾಕಿದ ಹಾಗಾಯಿತು.

ಇದು ಬರೀ ನಮ್ಮ ಊರಿನ ಹುಚ್ಚಲ್ಲ. ಬಸವನಗುಡಿಯಲ್ಲಿ ಆರ್‌ಎಕ್ಸ್ ಓಡಿಸಿ ಬೆಳೆದ ಹುಡುಗನೊಬ್ಬ ಈಗ ಕೆನಡಾದಲ್ಲಿದ್ದಾನೆ. ಅಲ್ಲಿ ಹಳೇ ಸ್ನೋಮೊಬೈಲ್ ತಗೊಂಡಿದ್ದಾನೆ. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಒಳಗೆ ನೀರಲ್ಲಿ ತಣ್ಣಗಾಗುವ ಎರಡು ಸಿಲಿಂಡರಿನ ಟೂ ಸ್ಟ್ರೋಕ್. ವಿಡಿಯೋ ಕಾಲ್ ಮಾಡಿ "ಅಣ್ಣಾ, ಒಂದು ಕಡೆ ಪಿಸ್ಟನ್ ಮಾತ್ರ ಹೋಗಿದೆ, ಅದೊಂದೇ ಹಾಕಿದ್ರೆ ಸಾಕಾ?" ಅಂದ. ಹತ್ತು ಸಾವಿರ ಕಿಲೋಮೀಟರ್ ದಾಟಿ ಹೋದರೂ ಪ್ರಶ್ನೆ ಅದೇ! ಎರಡು ಪಿಸ್ಟನ್ ಅಷ್ಟೇ ದೂರ ಓಡಿವೆಯಲ್ಲೋ, ಅದೊಂದೇ ಯಾಕೆ ಹೋಯ್ತು ಅಂತ ಕೇಳಿದೆ. ಆ ಕಡೆಯ ಕಾರ್ಬೊರೇಟರ್ ಕಟ್ಟಿಕೊಂಡಿದೆಯಾ, ಆ ಕಡೆಯ ಸೀಲ್ ಹೋಗಿದೆಯಾ? ಅವನ ಸಿಲಿಂಡರಿಗೆ ಒಳಗೆ ನಿಕಾಸಿಲ್ ಅನ್ನೋ ತೆಳುವಾದ ಗಟ್ಟಿ ಲೇಪ ಇದೆ. ನಮ್ಮ ಕಬ್ಬಿಣದ ಲೈನರ್ ಥರ ಲೇತಿಗೆ ಕೊಟ್ಟು ಬೋರ್ ಮಾಡಿಸೋ ಹಾಗಿಲ್ಲ, ಲೇಪ ಕಿತ್ತಿದ್ದರೆ ಮತ್ತೆ ಹಾಕಿಸಬೇಕು. ಅಲ್ಲಿಯ ಚಳಿಯಲ್ಲಿ ಪಿಸ್ಟನ್ ಬೇಗ ಬಿಸಿಯಾಗಿ ಉಬ್ಬುತ್ತದೆ, ಸಿಲಿಂಡರ್ ಇನ್ನೂ ತಣ್ಣಗೇ ಇರುತ್ತದೆ. ಸ್ಟಾರ್ಟ್ ಮಾಡಿ ನಾಲ್ಕು ನಿಮಿಷ ಬಿಡು ಅಂದೆ. ಫೋನಿನಲ್ಲಿ ನೋಡಿ ಇದಕ್ಕಿಂತ ಹೇಳೋದು ತಪ್ಪು, ಅಲ್ಲಿಯ ಮೆಕ್ಯಾನಿಕ್‌ಗೆ ತೋರಿಸು ಅಂತಲೂ ಹೇಳಿದೆ.

ಕವರಿನ ಹುಡುಗ ಸೋಮವಾರ ಗಾಡಿಯನ್ನು ಲಗೇಜ್ ಆಟೋದಲ್ಲಿ ತಂದ. ಹಳೇ ಪಿಸ್ಟನ್, ಬ್ಲಾಕನ್ನೇ ವಾಪಸ್ ಕೂರಿಸಿ 300ಕ್ಕೆ ಏರಿಸಿದೆ. ಮೂವತ್ತು ಎಣಿಸುವಷ್ಟರಲ್ಲಿ ಸೂಜಿ 100ಕ್ಕೆ ಬಂತು. ಮ್ಯಾಗ್ನೆಟ್ ಕಡೆ ನೊರೆ ಹಚ್ಚಿದರೆ ಇಡ್ಲಿ ಹಿಟ್ಟು ಹುದುಗು ಬಂದ ಹಾಗೆ ಗುಳ್ಳೆ. ಅವನು ಮಂಡಿಯೂರಿ ಕೂತು ವಿಡಿಯೋ ಮಾಡಿಕೊಂಡ. "ಆ ಸೀಲ್ ಎಷ್ಟಾಗುತ್ತೆ ಸಾರ್?" ಹೇಳಿದೆ. "ಅಷ್ಟೇನಾ?" ಅಂದ. ಆಮೇಲೆ ಬ್ಲಾಕ್ ತೆಗೆದು, ರಾಡ್ ಅವನ ಕೈಗೇ ಕೊಟ್ಟು ಮೇಲೆ ಕೆಳಗೆ ಆಡಿಸೋಕೆ ಹೇಳಿದೆ. ಟಕ್ ಅಂತು. ಅವನು ಮತ್ತೆ ಶನಿವಾರದ ಮಾತು ಎತ್ತಲಿಲ್ಲ.