ಇಸ್ವಾ ಎಂದರೆ ಹೊಳೆ

ಕಟಾಬಾ ನುಡಿಯಲ್ಲಿ 'ಇಸ್ವಾ' ಎಂದರೆ ಹೊಳೆ, 'ಯೇ' ಎಂದರೆ ಜನ. ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ, ರಾಕ್ ಹಿಲ್ ಪಟ್ಟಣದ ಬಳಿ ಬಾಳುತ್ತಿರುವ ಕಟಾಬಾ ಮೂಲನಿವಾಸಿಗಳು ತಮ್ಮನ್ನು 'ಯೇ ಇಸ್ವಾ' ಎಂದು ಕರೆದುಕೊಳ್ಳುತ್ತಾರೆ. 1701ರಲ್ಲಿ ಈ ಸೀಮೆ ಸುತ್ತಿದ ಇಂಗ್ಲಿಷ್ ಪ್ರವಾಸಿ ಜಾನ್ ಲಾಸನ್ 'ಈಸಾ' ಎಂಬ ಜನರ ಬಗ್ಗೆ ಬರೆದಿಟ್ಟಿದ್ದಾನೆ. ಪರದೇಶದ ಕಿವಿಗೆ ಸಿಕ್ಕಿದ್ದು ಅಷ್ಟು.

ಕಟಾಬಾ ನದಿ ಇವರಿಗೆ ಮೀನು ಕೊಟ್ಟಿತು. ದಡದ ಮೆಕ್ಕಲು ಮಣ್ಣಿನಲ್ಲಿ ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆಯಿತು. ಅದನ್ನು ಬೇಯಿಸುವ ಮಡಕೆಗೆ ಮಣ್ಣು ಬಂದದ್ದೂ ಅದೇ ದಡದಿಂದ. ಒರಟು ಮಣ್ಣು, ನಯ ಮಣ್ಣು ಎಂದು ಎರಡು ಬಗೆ. ಎರಡನ್ನೂ ಹದವಾಗಿ ಬೆರೆಸಬೇಕು. ತಿಗರಿ ಇಲ್ಲ. ಅಂಗೈಯಲ್ಲಿ ಹೊಸೆದ ಮಣ್ಣಿನ ಎಳೆಯನ್ನು ಸುತ್ತಿ ಸುತ್ತಿ ಏರಿಸಿ, ಕೆರೆದು ತೆಳುವಾಗಿಸಿ, ಒಣಗಿದ ಮೇಲೆ ನುಣುಪಾದ ಹೊಳೆಗಲ್ಲಿನಿಂದ ಮಿರುಗುವವರೆಗೆ ಉಜ್ಜುತ್ತಾರೆ. ಆ ಕಲ್ಲು ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬರುವ ಆಸ್ತಿ. ಸುಡುವುದು ಬಯಲ ಬೆಂಕಿಯಲ್ಲಿ. ಮೇಲೆ ಬಣ್ಣ ಬಳಿಯುವುದಿಲ್ಲ. ಕಪ್ಪು, ಕಂದು, ಕಿತ್ತಳೆಯ ಮಚ್ಚೆಗಳೆಲ್ಲ ಬೆಂಕಿ ಮತ್ತು ಹೊಗೆಯ ಕೈಬರಹ.

ನುಡಿಯ ಗತಿ ಬೇರೆಯಾಯಿತು. ಅದನ್ನು ಮನೆಮಾತಾಗಿ ಬಲ್ಲವರಲ್ಲಿ ಕೊನೆಯವರೆಂದು ಹೆಸರಾದ ಮುಖಂಡ ಸ್ಯಾಮ್ ಬ್ಲೂ 1959ರಲ್ಲಿ ತೀರಿಕೊಂಡರು. ಅದೇ ವರ್ಷ ಅಮೆರಿಕದ ಸಂಸತ್ತು ಕಟಾಬಾ ಬುಡಕಟ್ಟಿನ ಸರ್ಕಾರಿ ಮಾನ್ಯತೆಯನ್ನು ತೆಗೆದುಹಾಕುವ ಕಾಯ್ದೆ ಮಾಡಿತು; ಅದು ಮರಳಿದ್ದು 1993ರಲ್ಲಿ. ಮರದ ಬೊಡ್ಡೆಗಳಲ್ಲಿ ಅಡಗಿ ಮಕ್ಕಳನ್ನು ಕಾಡುವ ಕುಳ್ಳರು, 'ಯೆಹಸುರಿ', ಇಂಥವರ ಕಥೆಗಳು ಬಾಯಿಂದ ಬಾಯಿಗೆ ದಾಟಿ ಬಂದವು. ಮಾನವಶಾಸ್ತ್ರಜ್ಞ ಫ್ರಾಂಕ್ ಸ್ಪೆಕ್ ಹಿರಿಯರಿಂದ ಕೇಳಿ ಬರೆದುಕೊಂಡ ಕಥನಗಳು 1934ರಲ್ಲಿ ಅಚ್ಚಾದುದರಿಂದ ಆ ಮಾತಿನ ರೂಪವೂ ಕಾಗದದಲ್ಲಿ ಉಳಿಯಿತು.

ಮಡಕೆಗೆ ಕಾಗದದ ಹಂಗು ಬೇಕಾಗಲಿಲ್ಲ. ಕಟಾಬಾ ಹೆಂಗಸರು ದೂರದ ಕಡಲತೀರದ ಪಟ್ಟಣವಾದ ಚಾರ್ಲ್ಸ್‌ಟನ್‌ವರೆಗೆ ನಡೆದು, ದಾರಿಯಲ್ಲೇ ಬೀಡುಬಿಟ್ಟು ಮಡಕೆ ಮಾಡಿ ಮಾರುತ್ತಿದ್ದರು. ನನಗನ್ನಿಸುವುದು ಇಷ್ಟು: ಮಾರಿ ಹೊಟ್ಟೆ ಹೊರೆಯಬಹುದಾದ ವಿದ್ಯೆ ಉಳಿಯಿತು, ಮಾರಲು ಬಾರದ ಮಾತು ಸೊರಗಿತು. ಸ್ವಲ್ಪ ಒರಟಾದ ಲೆಕ್ಕ, ನಿಜ.

ಈಗ ಅವರು ನಡೆಸುವ ಹಬ್ಬದ ಹೆಸರು 'ಯಾಪ್ ಯೇ ಇಸ್ವಾ', ಹೊಳೆಯ ಜನರ ದಿನ. ಅಲ್ಲಿ ಮಡಕೆಯನ್ನು ನೋಡಬಹುದು, ಕೊಳ್ಳಬಹುದು. ಮಣ್ಣು ಅಗೆಯುವ ಜಾಗವನ್ನು ಮಾತ್ರ ಹೊರಗಿನವರಿಗೆ ಹೇಳುವುದಿಲ್ಲ.